ಮನೆಯಲ್ಲೇ ಬೋರ್ಡ್ ಜೋಡಿಸುವ ಯಂತ್ರ: ಪೇಸ್ಟಿನ ಚುಕ್ಕೆಗಾಗಿ ಕಳೆದ ಹದಿನಾಲ್ಕು ತಿಂಗಳು

ಕಳೆದ ತಿಂಗಳು ನಾನೇ ಮನೆಯಲ್ಲಿ ಕಟ್ಟಿದ ಯಂತ್ರದಿಂದ ಐದು ನಮೂನೆಯ ಎಲೆಕ್ಟ್ರಾನಿಕ್ ಬೋರ್ಡುಗಳನ್ನು, ನಮೂನೆಗೆ ಹನ್ನೆರಡರಂತೆ ಒಟ್ಟು 60 ಬೋರ್ಡುಗಳನ್ನು, ಒಂದು ಪ್ಯಾಡಿಗೂ (ಬಿಡಿಭಾಗವನ್ನು ಬೆಸೆಯುವ ತಾಮ್ರದ ಜಾಗ) ಕೈಯಿಂದ ಪೇಸ್ಟ್ (ಸೋಲ್ಡರಿನ ಸಣ್ಣ ಕಾಳುಗಳನ್ನು ಫ್ಲಕ್ಸಿನಲ್ಲಿ ಕಲಸಿದ ಬೆಸುಗೆಯ ಲೇಪ) ಹಚ್ಚದೆ ಮತ್ತು ಒಂದು ರೆಸಿಸ್ಟರನ್ನೂ ಚಿಮಟದಿಂದ ಎತ್ತಿಡದೆ ಜೋಡಿಸಿ ಮುಗಿಸಿದೆ. ಇವು ಪಂಪ್‌ಸೆಟ್ಟಿನ ಸ್ಟಾರ್ಟರಿನೊಳಗೆ ಕೂರುವ ಬೋರ್ಡುಗಳು. ಮೂರು ಫೇಸ್‌ಗಳಲ್ಲಿ ಒಂದು ಹೋದರೆ ಮೋಟರನ್ನು ನಿಲ್ಲಿಸುವುದು, ಕರೆಂಟ್ ಬಂದ ಮೇಲೆ ಸ್ವಲ್ಪ ಹೊತ್ತು ಕಾದು ಮೋಟರನ್ನು ಮತ್ತೆ ಚಾಲೂ ಮಾಡುವುದು, ಬೋರಿನಲ್ಲಿ ನೀರು ಇಳಿದಾಗ ಬಂದ್ ಮಾಡುವುದು ಇವುಗಳ ಕೆಲಸ. ಗೋಕಾಕ, ರಾಯಬಾಗ, ಅಥಣಿ, ಜಮಖಂಡಿ, ಮುಧೋಳದ ಕಡೆಯ ಕಬ್ಬಿನ ರೈತರಿಗೆ ಸ್ಟಾರ್ಟರ್ ಪೆಟ್ಟಿಗೆ ಕಟ್ಟಿಕೊಡುವ ಮೂರ್ನಾಲ್ಕು ಅಂಗಡಿಗಳವರು ನನ್ನ ಗಿರಾಕಿಗಳು. ಒಂದು ಬೋರ್ಡಿನಲ್ಲಿ ಸುಮಾರು 38 ಎಸ್‌ಎಂಡಿ ಬಿಡಿಭಾಗಗಳಿವೆ (ತೂತಿಲ್ಲದೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಭಾಗಗಳು): ಹೆಚ್ಚಿನವು 0805 ಎಂಬ ಅಳತೆಯವು, ಒಂದಿಷ್ಟು ಮೂರು ಕಾಲಿನ ಎಸ್‌ಓಟಿ-23, ನಡುವೆ ಕಾಲುಗಳ ನಡುವೆ 0.65 ಮಿ.ಮೀ. ಅಂತರವಿರುವ 20 ಕಾಲುಗಳ ಒಂದು ಮೈಕ್ರೊಕಂಟ್ರೋಲರ್. ಕೈಯಿಂದ ಮಾಡುತ್ತಿದ್ದಾಗ ಒಂದಕ್ಕೆ 35ರಿಂದ 40 ನಿಮಿಷ ಹಿಡಿಯುತ್ತಿತ್ತು. ಈಗ ಯಂತ್ರಕ್ಕೆ ಆರು ನಿಮಿಷ ಸಾಕು, ಅಷ್ಟು ಹೊತ್ತು ನಾನು ರಿಲೇ ಮತ್ತು ಟರ್ಮಿನಲ್‌ಗಳನ್ನು ಬೆಸೆಯುತ್ತಿರುತ್ತೇನೆ.

ಇದು ಆಗದ ಕೆಲಸ ಎಂದವರು ಬಹಳ ಮಂದಿ. ನಮ್ಮ ಊರಿನಲ್ಲೇ ಇಂಥದೇ ಬೋರ್ಡುಗಳನ್ನು ಮಾಡುವ ಮಿತ್ರರೊಬ್ಬರು ಮೂರು ಲಕ್ಷಕ್ಕೂ ಹೆಚ್ಚು ಕೊಟ್ಟು ವಿದೇಶಿ ಟೇಬಲ್ ಯಂತ್ರವನ್ನು ತರಿಸಿಕೊಂಡಿದ್ದರು, ಮನೆಯ ಮಾಳಿಗೆಯ ಮೇಲೆ ಕಟ್ಟಿದ ಯಂತ್ರ ಹತ್ತು ಬೋರ್ಡಿನ ನಂತರ ಮೂಲೆ ಸೇರುತ್ತದೆ ಎಂದು ಅವರು ನನಗೆ ಎರಡು ಸಲ ಹೇಳಿದರು. ಇಂಜಿನಿಯರಿಂಗ್ ಕಾಲೇಜೊಂದರ ಪ್ರಾಧ್ಯಾಪಕರು ಬಿಡಿಭಾಗ ಇಡುವುದು ಸಾಧ್ಯವಾದೀತು, ಪೇಸ್ಟಿನ ಗೊಡವೆಗೆ ಹೋಗಬೇಡಿ ಎಂದರು. ಅವರ ಮಾತಿನ ಎರಡನೆಯ ಭಾಗ ಎಷ್ಟು ನಿಜವೆಂದು ಮುಂದಿನ ಹದಿನಾಲ್ಕು ತಿಂಗಳಲ್ಲಿ ನನಗೆ ತಿಳಿಯಿತು. ಬಿಡಿಭಾಗ ಎತ್ತಿಡುವ ತಲೆಯನ್ನು ನಾನು ನಾಲ್ಕು ತಿಂಗಳಲ್ಲಿ ನಡೆಸಿದ್ದೆ, ಉಳಿದ ಹತ್ತು ತಿಂಗಳನ್ನು ಪೇಸ್ಟಿನ ಚುಕ್ಕೆಯೇ ನುಂಗಿತು. ಆದ್ದರಿಂದ ಈ ಬರಹದಲ್ಲೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸ್ಟೆನ್ಸಿಲ್ (ಪ್ಯಾಡುಗಳ ಜಾಗದಲ್ಲಿ ತೂತುಗಳಿರುವ, ಮೇಲಿನಿಂದ ಪೇಸ್ಟ್ ಸವರುವ ತೆಳು ಹಾಳೆ) ಏಕೆ ಬೇಡ ಎಂಬ ಪ್ರಶ್ನೆ ಮೊದಲು ಬರುತ್ತದೆ. ಒಂದೇ ನಮೂನೆಯ ನೂರು ಬೋರ್ಡ್ ಮಾಡುವವರಿಗೆ 0.12 ಮಿ.ಮೀ. ಸ್ಟೀಲಿನ ಸ್ಟೆನ್ಸಿಲ್ಲೇ ಸರಿ, ಆ ವಿಷಯದಲ್ಲಿ ನನ್ನ ತಕರಾರು ಇಲ್ಲ. ನನ್ನ ಪರಿಸ್ಥಿತಿ ಬೇರೆ. ಒಬ್ಬರಿಗೆ ಐದು ಎಚ್‌ಪಿ ಮೋಟರಿನ ಬೋರ್ಡ್ ಬೇಕು, ಮತ್ತೊಬ್ಬರಿಗೆ ಅದೇ ಬೋರ್ಡಿನಲ್ಲಿ ಮೊಬೈಲಿನಿಂದ ಚಾಲೂ ಮಾಡುವ ವ್ಯವಸ್ಥೆ ಬೇಕು, ಇನ್ನೊಬ್ಬರಿಗೆ ಟರ್ಮಿನಲ್ ಎಡಕ್ಕೆ ಬೇಕು. ಹನ್ನೆರಡು ಬೋರ್ಡಿಗೊಂದು ಸ್ಟೆನ್ಸಿಲ್ ತರಿಸಿದರೆ ಕೊರಿಯರ್ ಸೇರಿ ಸುಮಾರು 1,500 ರೂಪಾಯಿ ಮತ್ತು ಒಂದು ವಾರದ ಕಾಯುವಿಕೆ. ಬೋರ್ಡಿನ ನಕ್ಷೆಯಲ್ಲಿ ಒಂದು ಪ್ಯಾಡ್ ಸರಿಸಿದರೂ ಆ ಸ್ಟೆನ್ಸಿಲ್ ಗುಜರಿಗೆ ಹೋಗುತ್ತದೆ. ನನ್ನ ಕಪಾಟಿನಲ್ಲಿ ಹಾಗೆ ಗುಜರಿಯಾದವು ಹನ್ನೊಂದಿವೆ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದೇ. 10 ಸಿಸಿ ಸಿರಿಂಜಿನ ಹಿಂದೆ ನೆಮಾ 17 ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದು) ಮತ್ತು 2 ಮಿ.ಮೀ. ಪಿಚ್ಚಿನ, ಅಂದರೆ ಒಂದು ಸುತ್ತಿಗೆ 2 ಮಿ.ಮೀ. ಸರಿಯುವ ಸ್ಕ್ರೂ ಕೂರಿಸಿ ದಟ್ಟೆಯನ್ನು (ಸಿರಿಂಜಿನೊಳಗಿನ ಪಿಸ್ಟನ್) ತಳ್ಳಿಸಿದೆ. ಅದನ್ನು ಕಟ್ಟುವ ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಮೂರು ತಿಂಗಳ ನಂತರ ಮಾಡಿದೆ. 0805 ಪ್ಯಾಡಿಗೆ ಬೇಕಾದ ಪೇಸ್ಟ್ ಸುಮಾರು 0.2 ಘನ ಮಿ.ಮೀ. ಸಿರಿಂಜಿನ ಒಳ ಅಡ್ಡಳತೆ ಹತ್ತಿರ ಹತ್ತಿರ 16 ಮಿ.ಮೀ., ಅಂದರೆ ಅಡ್ಡಕೊಯ್ತ 200 ಚದರ ಮಿ.ಮೀ. ಈ ಲೆಕ್ಕದಲ್ಲಿ ಒಂದು ಚುಕ್ಕೆಗೆ ದಟ್ಟೆ ಸರಿಯಬೇಕಾದ ದೂರ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೋಟರಿನ ಒಂದು ಸುತ್ತನ್ನು 3,200 ಸಣ್ಣ ಹೆಜ್ಜೆಗಳಾಗಿ (ಮೈಕ್ರೊಸ್ಟೆಪ್) ಒಡೆದರೂ ಅದು ಎರಡು ಹೆಜ್ಜೆಗೂ ಕಡಿಮೆ. ರಬ್ಬರಿನ ದಟ್ಟೆ ಅಷ್ಟು ದೂರವನ್ನು ತನ್ನ ಮೈಯಲ್ಲೇ ನುಂಗಿಕೊಳ್ಳುತ್ತದೆ, ಒಳಗೆ ಸಾಸಿವೆಯಷ್ಟು ಗಾಳಿಗುಳ್ಳೆ ಇದ್ದರೆ ಅದು ಇನ್ನಷ್ಟನ್ನು ನುಂಗುತ್ತದೆ. ಆದ್ದರಿಂದ ಮೊದಲ ಹತ್ತು ಪ್ಯಾಡುಗಳಿಗೆ ಏನೂ ಬೀಳುತ್ತಿರಲಿಲ್ಲ, ನಡುವಿನವು ಸರಿಯಾಗಿ ಬರುತ್ತಿದ್ದವು, ಕೊನೆಯ ಮೂವತ್ತರ ಮೇಲೆ ಗುಡ್ಡೆ ಬೀಳುತ್ತಿತ್ತು. ಮೋಟರ್ ನಿಂತ ಮೇಲೂ ಸೂಜಿಯ ತುದಿಯಿಂದ ಪೇಸ್ಟ್ ಒಂದೆರಡು ನಿಮಿಷ ಒಸರುತ್ತಲೇ ಇರುತ್ತಿತ್ತು. ಪ್ರತಿ ಚುಕ್ಕೆಯ ನಂತರ ದಟ್ಟೆಯನ್ನು ಹಿಂದಕ್ಕೆ ಎಳೆದು ನೋಡಿದೆ. ಆಗ ಒಸರುವುದು ನಿಂತಿತು, ಜೊತೆಗೆ ಮುಂದಿನ ಚುಕ್ಕೆಯೂ ನಿಂತಿತು.

ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ನನಗೆ ಚಿಕ್ಕಪುಟ್ಟ ಭಾಗಗಳನ್ನು ಲೇಥಿನಲ್ಲಿ ತಿರುವಿ ಕೊಡುವ ಹಿರಿಯ ಟರ್ನರ್ ಒಬ್ಬರಿದ್ದಾರೆ, ನಾನು ಅವರನ್ನು ಕಾಕಾ ಎನ್ನುತ್ತೇನೆ. ಸ್ಕ್ರೂ ಇನ್ನೂ ಸಣ್ಣ ಪಿಚ್ಚಿನದು ಬೇಕು ಎಂದು ಕೇಳಲು ಹೋದಾಗ ಅವರು ಸಿರಿಂಜನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ತುದಿಯನ್ನೇ ನೋಡುತ್ತ ನಿಂತರು. "ತಮ್ಮಾ, ಇದು ಗ್ರೀಸ್ ಇದ್ದಂಗ ಐತಿ. ಗ್ರೀಸ್ ಗನ್ ಕೈಬಿಟ್ಟ ಮ್ಯಾಲೂ ಒಸರತೈತಿ, ಯಾಕಂದ್ರ ಒಳಗಿನ ಒತ್ತಡ ಹೋಗಿರೂದಿಲ್ಲ. ನೀ ಸ್ಕ್ರೂ ಎಷ್ಟ ಸಣ್ಣದು ಹಾಕಿದ್ರೂ ಅಷ್ಟ. ಒತ್ತಡ ಹಾಕೂದು, ಒತ್ತಡ ತಗಿಯೂದು, ಎರಡೂ ನಿನ್ನ ಕೈಯಾಗ ಇರಬೇಕು," ಎಂದರು. ಅಂದೇ ನಾನು ಆ ತಲೆಯನ್ನು ಬಿಚ್ಚಿದೆ. ಅಷ್ಟರಲ್ಲಿ ಅದಕ್ಕೆ ಸುಮಾರು 9,000 ರೂಪಾಯಿ ಖರ್ಚಾಗಿತ್ತು.

ಎರಡನೆಯದು ಗಾಳಿಯ ಒತ್ತಡ. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಗುಜರಿಯಿಂದ 900 ರೂಪಾಯಿಗೆ ತಂದು, ಒಂದು ಸಣ್ಣ ಟ್ಯಾಂಕಿಗೆ ಜೋಡಿಸಿದೆ. ಸದ್ದಿಲ್ಲದೆ ನಡೆಯುತ್ತದೆ, ಆದರೆ ಗಾಳಿಯ ಜೊತೆ ಎಣ್ಣೆಯ ತುಂತುರನ್ನೂ ಕಳಿಸುತ್ತದೆ. ಎರಡನೆಯ ವಾರದಲ್ಲಿ ಸಿರಿಂಜಿನೊಳಗೆ ದಟ್ಟೆಯ ಹಿಂಭಾಗದಲ್ಲಿ ಎಣ್ಣೆ ನಿಂತು, ದಟ್ಟೆ ಜಾರಿ ಓರೆಯಾಗಿ, ಗಾಳಿ ಪಕ್ಕದಿಂದ ನುಗ್ಗಿ ಪೇಸ್ಟಿನ ನಡುವೆ ಸುರಂಗ ತೋಡಿತ್ತು. ಒಂದು ಪೂರ್ಣ ಸಿರಿಂಜ್ ಹಾಳಾಯಿತು. ಎಣ್ಣೆ ಬೇರ್ಪಡಿಸುವ ಫಿಲ್ಟರ್ ಹಾಕಿದ ಮೇಲೆ ಈ ತೊಂದರೆ ಮರುಕಳಿಸಿಲ್ಲ. ಈ ದಾರಿ ಹಿಡಿಯುವವರು ಫಿಲ್ಟರನ್ನು ಮೊದಲ ದಿನವೇ ಕೊಳ್ಳಬೇಕು.

ಇಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಗಾಳಿಯನ್ನು ಬಿಡುವ, ತಡೆಯುವ ಸೊಲೆನಾಯ್ಡ್ ವಾಲ್ವನ್ನು (ವಿದ್ಯುತ್ತಿನಿಂದ ತೆರೆದು ಮುಚ್ಚುವಂಥದು) ಅನುಕೂಲಕ್ಕೆಂದು ಟೇಬಲ್ಲಿನ ಕೆಳಗೆ, ಕಂಪ್ರೆಸರಿನ ಪಕ್ಕದಲ್ಲಿ ಇಟ್ಟು ಒಂದೂವರೆ ಮೀಟರ್ ನಳಿಕೆಯಿಂದ ಸಿರಿಂಜಿಗೆ ಗಾಳಿ ಕೊಟ್ಟಿದ್ದೆ. ವಾಲ್ವ್ ಮುಚ್ಚಿದ ಮೇಲೂ ಆ ನಳಿಕೆಯೊಳಗಿನ ಗಾಳಿ ಪೇಸ್ಟನ್ನು ತಳ್ಳುತ್ತಲೇ ಇರುತ್ತಿತ್ತು, ಕಾಕಾ ಹೇಳಿದ ಗ್ರೀಸ್ ಗನ್ನಿನ ಕಥೆಯೇ ಬೇರೆ ವೇಷದಲ್ಲಿ ಬಂದಿತ್ತು. ವಾಲ್ವನ್ನು ತಲೆಯ ಮೇಲಕ್ಕೇ ತಂದು, ನಳಿಕೆಯನ್ನು ಒಂದು ಗೇಣಿಗಿಂತ ಚಿಕ್ಕದು ಮಾಡಿ, ಮುಚ್ಚಿದ ಕ್ಷಣದಲ್ಲಿ ಸಿರಿಂಜಿನ ಗಾಳಿಯನ್ನು ಹೊರಕ್ಕೆ ಬಿಡುವ ಮೂರು ಬಾಯಿಯ ವಾಲ್ವ್ ಹಾಕಿದೆ. ಆ ಸಂಜೆ ಮೊದಲ ಬಾರಿಗೆ ಐವತ್ತು ಚುಕ್ಕೆಗಳು ಒಂದೇ ಗಾತ್ರದಲ್ಲಿ ಸಾಲಾಗಿ ಬಿದ್ದವು. ಹೊರಬಿಡುವ ಬಾಯಿಗೆ ತೀರ ಸಣ್ಣ ಪ್ರಮಾಣದ ಹೀರುವಿಕೆಯನ್ನೂ ಕೊಟ್ಟಿದ್ದೇನೆ. ಅದು ಹೆಚ್ಚಾದರೆ ಸೂಜಿಯೊಳಗೆ ಗಾಳಿ ಸೇರುತ್ತದೆ, ಕಡಿಮೆಯಾದರೆ ಬಾಲ ಉಳಿಯುತ್ತದೆ. ಅದನ್ನು ಹದಕ್ಕೆ ತರಲು ನಾನು ಬಳಸಿದ ಸಣ್ಣ ಉಪಾಯವನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಎರಡು ತಿಂಗಳು ಕೂತು ಕಂಡುಕೊಂಡದ್ದು ಅದು.

ಸೂಜಿಯ ವಿಷಯಕ್ಕೆ ಬಂದರೆ, ಸಣ್ಣ ಸೂಜಿ ಎಂದರೆ ಸಣ್ಣ ಚುಕ್ಕೆ ಎಂದುಕೊಂಡು 25 ಗೇಜಿನ ಉಕ್ಕಿನ ಸೂಜಿಗಳನ್ನು ಒಂದು ಡಬ್ಬಿ ತರಿಸಿದ್ದೆ. ಅದರ ಒಳ ಅಡ್ಡಳತೆ 0.25 ಮಿ.ಮೀ. ನನ್ನ ಬಳಿ ಇದ್ದದ್ದು ಟೈಪ್ 3 ಪೇಸ್ಟ್, ಅದರ ಕಾಳುಗಳು 25ರಿಂದ 45 ಮೈಕ್ರಾನ್. ಸೂಜಿಯ ತೂತು ದೊಡ್ಡ ಕಾಳಿಗಿಂತ ಏಳೆಂಟು ಪಟ್ಟಾದರೂ ಅಗಲವಿರಬೇಕು, ನನ್ನದು ಐದೂವರೆ ಪಟ್ಟು ಮಾತ್ರ ಇತ್ತು. ಕಣಗಳು ಸೂಜಿಯ ಕೊರಳಿನಲ್ಲಿ ಒತ್ತಿಕೊಂಡು ಕಲ್ಲಾಗುತ್ತಿದ್ದವು, ಹೊರಗೆ ಬರುತ್ತಿದ್ದದ್ದು ಬರೀ ಹಳದಿ ಫ್ಲಕ್ಸ್ (ಬೆಸುಗೆ ಹಿಡಿಯಲು ಪೇಸ್ಟಿನಲ್ಲಿ ಕಲಸಿರುವ ರಾಳದಂಥ ದ್ರವ). ದಿನಕ್ಕೆ ಮೂರು ಸೂಜಿ ಎಸೆದದ್ದುಂಟು. ಈಗ 0805 ಮತ್ತು ಎಸ್‌ಓಟಿಗೆ 22 ಗೇಜ್, ಅಂದರೆ 0.41 ಮಿ.ಮೀ. ತೂತಿನ ಸೂಜಿ ಬಳಸುತ್ತೇನೆ. ಅದೂ ನೆಟ್ಟಗಿನ ಉಕ್ಕಿನದಲ್ಲ, ಒಳಗೆ ಮೆಟ್ಟಿಲಿಲ್ಲದೆ ಆಲಿಕೆಯಂತೆ ಕಿರಿದಾಗುತ್ತ ಬರುವ ಪ್ಲಾಸ್ಟಿಕ್ಕಿನದು. ಮೈಕ್ರೊಕಂಟ್ರೋಲರಿಗೆ ಇನ್ನೂ ಸಣ್ಣ ಕಾಳಿನ ಟೈಪ್ 4 ಪೇಸ್ಟ್ ತುಂಬಿದ ಬೇರೆ ಸಿರಿಂಜ್, 23 ಗೇಜ್. ಅಲ್ಲಿ ಕಾಲಿಗೊಂದು ಚುಕ್ಕೆ ಇಡುವ ಹಠವನ್ನೇ ಬಿಟ್ಟೆ. ಹತ್ತು ಕಾಲುಗಳ ಸಾಲಿನ ಮೇಲೆ ದಾರದಷ್ಟು ತೆಳ್ಳಗಿನ ಒಂದು ಗೆರೆ ಎಳೆಯುತ್ತೇನೆ. ಕರಗಿದಾಗ ಸೋಲ್ಡರ್ ಬೋರ್ಡಿನ ಹಸಿರು ಲೇಪನದಿಂದ ಹಿಂದೆ ಸರಿದು ಪ್ಯಾಡುಗಳ ಮೇಲೆ ತಾನೇ ಹಂಚಿಕೊಳ್ಳುತ್ತದೆ. ಹತ್ತರಲ್ಲಿ ಒಂದು ಬೋರ್ಡಿನಲ್ಲಿ ಎರಡು ಕಾಲು ಅಂಟಿಕೊಳ್ಳಬಹುದು, ತಾಮ್ರದ ಬತ್ತಿಯಿಂದ ಎರಡು ಸೆಕೆಂಡಿನಲ್ಲಿ ಬಿಡಿಸಬಹುದು.

ಪೇಸ್ಟ್ ಕೊಳ್ಳುವಾಗಲೂ ಪೆಟ್ಟು ತಿಂದಿದ್ದೇನೆ. ಸ್ಟೆನ್ಸಿಲ್ಲಿಗೆಂದು ಡಬ್ಬಿಯಲ್ಲಿ ಬರುವ ಪೇಸ್ಟನ್ನು ಸಿರಿಂಜಿಗೆ ತುಂಬಿಕೊಂಡು ಉಳಿತಾಯ ಮಾಡಲು ಹೋದೆ. ಸೂಜಿಯಿಂದ ಹಾಕುವ ಪೇಸ್ಟಿನಲ್ಲಿ ಲೋಹದ ಪಾಲು ತೂಕದಲ್ಲಿ ಶೇ. 85ರ ಆಸುಪಾಸು ಇರುತ್ತದೆ, ಸ್ಟೆನ್ಸಿಲ್ಲಿನದರಲ್ಲಿ ಶೇ. 90ರ ಹತ್ತಿರ. ಈ ಅಂತರ ನೋಡಲು ಸಣ್ಣದು, ಸೂಜಿಯೊಳಗೆ ಮಾತ್ರ ಅದೇ ನಿರ್ಣಾಯಕ. ಮಾರಾಟಗಾರರೊಬ್ಬರು ಅವಧಿ ಮೀರಿದ ಸಿರಿಂಜುಗಳಿಗೆ ಹೊಸ ಚೀಟಿ ಅಂಟಿಸಿ ಕಳಿಸಿದ್ದೂ ಇದೆ, ಅವು ಹಿಂಡಿದರೆ ಹಿಟ್ಟಿನ ಉಂಡೆಯಂತೆ ಪುಡಿಪುಡಿಯಾಗಿ ಬಂದವು. ಪೇಸ್ಟಿಗೇ ಈವರೆಗೆ ಸುಮಾರು 6,000 ರೂಪಾಯಿ ನಷ್ಟ ಮಾಡಿಕೊಂಡಿದ್ದೇನೆ.

ಹವಾಮಾನದ ಪಾಠ ಮಳೆಗಾಲದಲ್ಲಿ ಆಯಿತು. ಬೆಳಗಾವಿಯ ಜುಲೈ ತಿಂಗಳ ತೇವ ಎಲ್ಲರಿಗೂ ಗೊತ್ತಿರುವುದೇ. ಗಡಿಬಿಡಿಯಲ್ಲಿ ಒಂದು ಬೆಳಿಗ್ಗೆ ಸಿರಿಂಜನ್ನು ಫ್ರಿಜ್ಜಿನಿಂದ ತೆಗೆದ ಹತ್ತೇ ನಿಮಿಷಕ್ಕೆ ಮುಚ್ಚಳ ಬಿಚ್ಚಿ ಕೆಲಸಕ್ಕೆ ಹಚ್ಚಿದೆ. ತಣ್ಣಗಿನ ಪೇಸ್ಟಿನ ಮೇಲೆ ಗಾಳಿಯ ತೇವ ಹನಿಗಟ್ಟಿತ್ತು. ಬೋರ್ಡನ್ನು ಕಾಯಿಸಿ ಪೇಸ್ಟ್ ಕರಗಿಸುವ ಓವನ್ನಿನಲ್ಲಿ ಆ ನೀರು ಸಿಡಿದು, ಪ್ರತಿ ರೆಸಿಸ್ಟರಿನ ಸುತ್ತ ಗಸಗಸೆಯಂಥ ಸೋಲ್ಡರ್ ಗುಂಡುಗಳು ಚೆಲ್ಲಿದ್ದವು. ಹನ್ನೆರಡು ಬೋರ್ಡುಗಳನ್ನು ಬ್ರಷ್ ಮತ್ತು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಿಡಿದು ತೊಳೆಯುತ್ತ ಒಂದು ದಿನ ಹೋಯಿತು. ಈಗ ಹಿಂದಿನ ರಾತ್ರಿಯೇ ಸಿರಿಂಜನ್ನು ಮುಚ್ಚಳ ಬಿಚ್ಚದೆ ಹೊರಗಿಡುತ್ತೇನೆ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: ಬೆಳಗಿನ ಚಳಿಗೆ ಪೇಸ್ಟ್ ಗಟ್ಟಿಯಾಗಿ ಚುಕ್ಕೆ ಅರ್ಧಕ್ಕೆ ಇಳಿಯುತ್ತಿತ್ತು, ಮಧ್ಯಾಹ್ನ ಬಿಸಿಲೇರಿದಂತೆ ಅದೇ ಸಮಯಕ್ಕೆ ಹೆಚ್ಚು ಬೀಳುತ್ತಿತ್ತು. ಇದಕ್ಕೆ ಕಾಕಾ ಅಲ್ಯೂಮಿನಿಯಂನಲ್ಲಿ ಸಿರಿಂಜಿಗೆ ಬಿಗಿಯಾಗಿ ಕೂರುವ ಒಂದು ತೋಳು ತಿರುವಿಕೊಟ್ಟರು. ಅದಕ್ಕೆ ಎರಡು ಪವರ್ ರೆಸಿಸ್ಟರ್ ಮತ್ತು ಬಿಸಿ ಅಳೆಯುವ ಒಂದು ಥರ್ಮಿಸ್ಟರ್ ಅಂಟಿಸಿ, ಪೇಸ್ಟನ್ನು ಸದಾ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಕೋಣೆಯೇ ಅದಕ್ಕಿಂತ ಬಿಸಿಯಾದಾಗ ಮಾತ್ರ ಬೆಳಿಗ್ಗೆ ಹತ್ತರೊಳಗೆ ಪೇಸ್ಟಿನ ಕೆಲಸ ಮುಗಿಸುತ್ತೇನೆ.

ಇಷ್ಟಾದರೂ ಚುಕ್ಕೆಯ ಗಾತ್ರವನ್ನು ಕಣ್ಣಿನಿಂದ ಅಂದಾಜು ಮಾಡುತ್ತಿದ್ದೆ, ಕಣ್ಣು ಮೋಸ ಮಾಡುತ್ತಿತ್ತು. ಚಪ್ಪಟೆ ಚುಕ್ಕೆ ದೊಡ್ಡದಾಗಿ ಕಾಣುತ್ತದೆ, ಮೊನಚು ಚುಕ್ಕೆ ಚಿಕ್ಕದಾಗಿ ಕಾಣುತ್ತದೆ, ತೂಕ ಎರಡರದೂ ಒಂದೇ ಇರಬಹುದು. ಕೆಲಸ ನಿಜವಾಗಿ ದಾರಿಗೆ ಬಂದದ್ದು ಖಡೇ ಬಜಾರಿನಿಂದ ಮಿಲಿಗ್ರಾಂವರೆಗೆ ತೋರಿಸುವ ಸಣ್ಣ ಚಿನಿವಾರ ತಕ್ಕಡಿಯನ್ನು ತಂದ ದಿನ. ಒಂದು ಗಾಜಿನ ಪಟ್ಟಿಯನ್ನು ತೂಗಿ, ಅದರ ಮೇಲೆ ನೂರು ಚುಕ್ಕೆ ಇಡಿಸಿ, ಮತ್ತೆ ತೂಗಬೇಕು, ಅಷ್ಟೇ. 0805ಕ್ಕೆ ನೂರು ಚುಕ್ಕೆಗಳು ಸುಮಾರು 90 ಮಿಲಿಗ್ರಾಂ ಬಂದರೆ ಬೆಸುಗೆ ಚೆನ್ನಾಗಿ ಕೂರುತ್ತದೆ, 70ಕ್ಕೆ ಇಳಿದರೆ ಒಣಗಿದಂತೆ ಕಾಣುತ್ತದೆ, 130 ದಾಟಿದರೆ ರೆಸಿಸ್ಟರಿನ ಪಕ್ಕದಲ್ಲಿ ಗುಂಡು ಮೂಡುತ್ತದೆ. ನನ್ನ ಪೇಸ್ಟಿಗೆ 2.8 ಬಾರ್ ಒತ್ತಡದಲ್ಲಿ 180 ಮಿಲಿಸೆಕೆಂಡ್ ವಾಲ್ವ್ ತೆರೆದರೆ ಈ 90 ಬರುತ್ತದೆ. ನಿಮ್ಮ ಪೇಸ್ಟಿಗೆ ಬೇರೆ ಅಂಕಿ ಬರುತ್ತದೆ, ತೂಗಿಯೇ ನೋಡಬೇಕು.

ತೂಗಲು ಆರಂಭಿಸಿದ ಮೇಲೆ ಗೊತ್ತಾದ ಇನ್ನೊಂದು ಸಂಗತಿಯೆಂದರೆ, ಸಿರಿಂಜ್ ಖಾಲಿಯಾದಂತೆ ಅದೇ ಒತ್ತಡಕ್ಕೆ ಅದೇ ಸಮಯಕ್ಕೆ ಬೀಳುವ ಪೇಸ್ಟ್ ಕಡಿಮೆಯಾಗುತ್ತ ಹೋಗುತ್ತದೆ. ದಟ್ಟೆಯ ಹಿಂದಿನ ಖಾಲಿ ಜಾಗ ದೊಡ್ಡದಾಗಿ, ಅದು ಒತ್ತಡಕ್ಕೆ ಏರಲು ಹೆಚ್ಚು ಹೊತ್ತು ಬೇಡುತ್ತದೆ. ತುಂಬಿದ ಸಿರಿಂಜಿನಲ್ಲಿ 90 ಇದ್ದದ್ದು ಕೊನೆಗೆ 70ರ ಹತ್ತಿರ ಬರುತ್ತಿತ್ತು. ಅದಕ್ಕೆ ಚುಕ್ಕೆಗಳನ್ನು ಎಣಿಸುತ್ತ, ಇಂತಿಷ್ಟಕ್ಕೊಮ್ಮೆ ಸಮಯವನ್ನು ಸ್ವಲ್ಪ ಏರಿಸುವ ಒಂದು ಕೋಷ್ಟಕವನ್ನು ನನ್ನ ಪ್ರೋಗ್ರಾಂನಲ್ಲಿ ಬರೆದಿದ್ದೇನೆ. ಆ ಕೋಷ್ಟಕದ ಅಂಕಿಗಳು ನನ್ನಲ್ಲೇ ಇರಲಿ.

ಸೂಜಿ ಮತ್ತು ಬೋರ್ಡಿನ ನಡುವಿನ ಅಂತರವೂ ಅಷ್ಟೇ ಮುಖ್ಯ. ಸೂಜಿಯ ತೂತಿನ ಅರ್ಧದಷ್ಟು, ಅಂದರೆ ಸುಮಾರು 0.2 ಮಿ.ಮೀ., ನನಗೆ ಸರಿಹೋದ ಅಳತೆ. ಹೆಚ್ಚಾದರೆ ಚುಕ್ಕೆ ಪ್ಯಾಡನ್ನು ಮುಟ್ಟದೆ ಸೂಜಿಗೇ ಜೋತುಬಿದ್ದು ಮುಂದಿನ ಪ್ಯಾಡಿಗೆ ಹೋಗುತ್ತದೆ. ಕಡಿಮೆಯಾದರೆ ಪೇಸ್ಟ್ ಸೂಜಿಯ ಹೊರಮೈ ಹತ್ತುತ್ತದೆ. ಆದರೆ ಆರು ಬೋರ್ಡುಗಳು ಒಂದೇ ಹಲಗೆಯಾಗಿ ಬರುವ ಪ್ಯಾನೆಲ್ ಮೂಲೆಗಳಲ್ಲಿ 0.4 ಮಿ.ಮೀ.ನಷ್ಟು ಬಾಗಿರುವುದು ಸಾಮಾನ್ಯ. ಥ್ರೀಡಿ ಪ್ರಿಂಟರಿನವರು ಹಾಸನ್ನು ಅಳೆಯುವಂತೆಯೇ ಪ್ಯಾನೆಲ್ಲಿನ ಒಂಬತ್ತು ಕಡೆ ಒಂದು ಸಣ್ಣ ಸ್ವಿಚ್ಚಿನಿಂದ ಮುಟ್ಟಿ ಅಳೆದುಕೊಂಡು, ಆ ಮೇಲ್ಮೈಯನ್ನೇ ಅನುಸರಿಸಿ ಸೂಜಿ ಇಳಿಯುವಂತೆ ಮಾಡಿದೆ. ಈ ಕೆಲಸಕ್ಕೆ ಮಾರ್ಲಿನ್‌ನಲ್ಲಿ (ಥ್ರೀಡಿ ಪ್ರಿಂಟರುಗಳ ಮೋಟರುಗಳನ್ನು ನಡೆಸುವ ತಂತ್ರಾಂಶ, ನನ್ನ ಯಂತ್ರದಲ್ಲೂ ಅದೇ ಇದೆ) ವ್ಯವಸ್ಥೆ ಸಿದ್ಧವಾಗಿಯೇ ಇದೆ, ಹೊಸದಾಗಿ ಬರೆಯಬೇಕಿಲ್ಲ.

ಒಂದು ವಾರ ತಲೆ ತಿಂದ ದೋಷವನ್ನೂ ಹೇಳಬೇಕು. ಪ್ರತಿ ಚುಕ್ಕೆಗೂ ಧೂಮಕೇತುವಿನಂತೆ ಒಂದು ಬಾಲ ಬರುತ್ತಿತ್ತು, ಬಾಲ ಯಾವಾಗಲೂ ಸೂಜಿ ಬಂದ ದಿಕ್ಕಿಗೇ ಇರುತ್ತಿತ್ತು. ಒತ್ತಡ, ಸೂಜಿ, ಅಂತರ ಎಲ್ಲವನ್ನೂ ಬದಲಿಸಿ ನೋಡಿದ ಮೇಲೆ ಕಾರಣ ಹೊಳೆಯಿತು. ಅಕ್ಷಗಳನ್ನು ಮಾರ್ಲಿನ್ ನಡೆಸುತ್ತದೆ, ವಾಲ್ವನ್ನು ಬೇರೊಂದು ಆರ್ಡುಯಿನೊ (ಪುಟ್ಟ ನಿಯಂತ್ರಕ ಬೋರ್ಡು) ನಡೆಸುತ್ತದೆ, ಎರಡಕ್ಕೂ ಆದೇಶ ಕೊಡುವುದು ನನ್ನ ಪೈಥಾನ್ ಪ್ರೋಗ್ರಾಂ. ಮಾರ್ಲಿನ್ 'ಓಕೆ' ಎಂದು ಉತ್ತರಿಸಿದರೆ ಆದೇಶವನ್ನು ಸರದಿಗೆ ಹಾಕಿಕೊಂಡೆ ಎಂದು ಅರ್ಥ, ಚಲನೆ ಮುಗಿಯಿತು ಎಂದಲ್ಲ. ನನ್ನ ಪ್ರೋಗ್ರಾಂ ಆ ಮಾತನ್ನು ನಂಬಿ, ಸೂಜಿ ಇನ್ನೂ ದಾರಿಯಲ್ಲಿರುವಾಗಲೇ ವಾಲ್ವ್ ತೆರೆಯುತ್ತಿತ್ತು. ಪ್ರತಿ ಚಲನೆಯ ನಂತರ, ಚಲನೆ ಮುಗಿಯುವವರೆಗೆ ಕಾಯಿಸುವ ಎಂ400 ಎಂಬ ಆದೇಶವನ್ನು ಸೇರಿಸಿ, ಅದರ ಉತ್ತರ ಬಂದ ಮೇಲೆಯೇ ವಾಲ್ವಿಗೆ ಆದೇಶ ಕಳಿಸಿದೆ. ಬಾಲಗಳು ಒಂದೇ ಸಲಕ್ಕೆ ಮಾಯವಾದವು. ಪ್ಯಾಡುಗಳ ಸ್ಥಾನಗಳನ್ನು ಬೋರ್ಡಿನ ನಕ್ಷೆ ಬಿಡಿಸುವ ತಂತ್ರಾಂಶವಾದ ಕಿಕ್ಯಾಡ್‌ನ ಪೈಥಾನ್ ಸೌಲಭ್ಯದಿಂದ ನೇರವಾಗಿ ತೆಗೆಯುತ್ತೇನೆ, ಏಕೆಂದರೆ ಅದರ ಸ್ಥಾನಸೂಚಿ ಕಡತದಲ್ಲಿ ಬಿಡಿಭಾಗದ ಸ್ಥಾನ ಮಾತ್ರ ಇರುತ್ತದೆ, ಪ್ಯಾಡುಗಳದ್ದಲ್ಲ.

ಬಿಡಿಭಾಗ ಇಡುವ ಭಾಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಬಿಡಿಭಾಗ ಎತ್ತಿಡುವ ಯಂತ್ರಗಳನ್ನು ನಡೆಸುವ ಓಪನ್‌ಪಿಎನ್‌ಪಿ ಎಂಬ ತಂತ್ರಾಂಶ ಅರ್ಧ ಕೆಲಸವನ್ನು ತಾನೇ ಮಾಡುತ್ತದೆ. ಅಲ್ಯೂಮಿನಿಯಂ ಚೌಕಟ್ಟು, ಹಲ್ಲುಗಳಿರುವ ಜಿಟಿ2 ಬೆಲ್ಟ್, ಇಪ್ಪತ್ತು ಹಲ್ಲಿನ ಪುಲಿ, ಮಿಲಿಮೀಟರಿಗೆ 80 ಹೆಜ್ಜೆ: 0805ಕ್ಕೆ ಇಷ್ಟು ಸಾಕು. ತೊಂದರೆ ಬಂದದ್ದು ನಾಜಲ್ (ಬಿಡಿಭಾಗವನ್ನು ಹೀರಿ ಎತ್ತುವ ಮೂತಿ) ಹಿಡಿಯುವ ಟೊಳ್ಳು ಕಂಬದಲ್ಲಿ. ಮೊದಲು ಬೇರೆ ಕಡೆ ಮಾಡಿಸಿದ್ದು ತಿರುಗುವಾಗ 0.15 ಮಿ.ಮೀ. ಓಲಾಡುತ್ತಿತ್ತು, 90 ಡಿಗ್ರಿ ತಿರುಗಿಸಿದ ಬಿಡಿಭಾಗಗಳೆಲ್ಲ ಒಂದೇ ಕಡೆಗೆ ಸರಿದಿರುತ್ತಿದ್ದವು. ತಂತ್ರಾಂಶದಲ್ಲಿ ಆ ಓಲಾಟವನ್ನು ಅಳೆದು ಸರಿದೂಗಿಸುವ ಸೌಲಭ್ಯವಿದೆ, ನಾನು ಬಳಸುತ್ತೇನೆ ಕೂಡ, ಆದರೂ ಕಾಕಾನ ಕೈಯಿಂದ ಹೊಸದನ್ನು ಮಾಡಿಸಿದ ಮೇಲೆಯೇ ನೆಮ್ಮದಿಯಾಯಿತು. ಓಲಾಟ ಅಳೆಯುವ ಡಯಲ್ ಹಚ್ಚಿ ನೋಡಿದರೆ ಮುಳ್ಳು ಎರಡು ಗೆರೆ ಕೂಡ ಅಲುಗಲಿಲ್ಲ.

ಹೀರುವಿಕೆಗೆ ಅಕ್ವೇರಿಯಂ ಪಂಪನ್ನು ತಿರುಗಿಸಿ ಜೋಡಿಸುವ ಪ್ರಯೋಗವನ್ನು ಯಾರೂ ಮಾಡಬೇಡಿ, 0805 ಏಳುತ್ತದೆ, ಎಸ್‌ಓಟಿ ನಡುದಾರಿಯಲ್ಲಿ ಬೀಳುತ್ತದೆ. 12 ವೋಲ್ಟಿನ ಡಯಾಫ್ರಾಂ ಪಂಪ್ ಸಾಕು. ಎತ್ತುವುದಕ್ಕಿಂತ ಬಿಡುವುದು ಕಷ್ಟ: ಪಂಪ್ ನಿಂತರೂ ನಳಿಕೆಯಲ್ಲಿ ಹೀರುವಿಕೆ ಉಳಿದಿರುತ್ತದೆ, ನಾಜಲ್ ಮೇಲೇಳುವಾಗ ಪೇಸ್ಟಿನಲ್ಲಿ ಕೂತ ರೆಸಿಸ್ಟರನ್ನು ಮತ್ತೆ ಎಳೆದುಕೊಂಡೇ ಹೋಗುತ್ತದೆ. ಅಲ್ಲಿಯೂ ಗಾಳಿ ಒಳಬಿಡುವ ವಾಲ್ವ್ ಬೇಕು. ಎರಡು ಕ್ಯಾಮೆರಾಗಳನ್ನು ಒಂದೇ ಯುಎಸ್‌ಬಿ ಹಬ್ಬಿಗೆ ಚುಚ್ಚಿದರೆ ಒಂದು ಕುರುಡಾಗುತ್ತದೆ, ಬೇರೆ ಬೇರೆ ಪೋರ್ಟಿಗೆ ಕೊಡಬೇಕು. ಕಿಟಕಿಯ ಬಿಸಿಲು ಕೆಳಗಿನ ಕ್ಯಾಮೆರಾದ ಮೇಲೆ ಬೀಳದಂತೆ ಪರದೆ ಇಳಿಬಿಡಬೇಕು. ನನ್ನ ಯಂತ್ರ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ತಪ್ಪು ಮಾಡುತ್ತಿದ್ದುದರ ಕಾರಣ ಪಶ್ಚಿಮದ ಕಿಟಕಿ ಎಂದು ತಿಳಿಯಲು ಹತ್ತು ದಿನ ಬೇಕಾಯಿತು.

ಬಿಡಿಭಾಗಗಳು ಕುಳಿ ಕುಳಿಯಾಗಿ ಕೂತು ಬರುವ ಟೇಪುಗಳನ್ನು ತುಂಡರಿಸಿ, ಉದ್ದುದ್ದ ತೋಡುಗಳಲ್ಲಿ ಸಾಲಾಗಿ ಇಟ್ಟು, ಮೇಲಿನ ತೆಳು ಹಾಳೆಯನ್ನು ಮೊದಲೇ ಸುಲಿದುಬಿಡುವುದು ನನ್ನ ಪದ್ಧತಿ. 8 ಮಿ.ಮೀ. ಟೇಪಿನ ತೂತುಗಳು ಎಲ್ಲಾ ಕಂಪನಿಗಳದ್ದೂ 4 ಮಿ.ಮೀ. ಅಂತರದಲ್ಲೇ ಇರುವುದರಿಂದ ಕ್ಯಾಮೆರಾ ಅವುಗಳನ್ನು ನೋಡಿ ಜಾಗ ಹಿಡಿಯುತ್ತದೆ. ಚಳಿಗಾಲದ ಒಣಹವೆಯಲ್ಲಿ ಹಾಳೆ ಸುಲಿಯುವಾಗ ಬಿಡಿಭಾಗಗಳು ಸ್ಥಾಯಿವಿದ್ಯುತ್ತಿಗೆ ಪುಟಿದು ಹೊರಬೀಳುತ್ತವೆ, ಕೈಯನ್ನು ಅರ್ತ್ ಮಾಡಿಕೊಂಡು ನಿಧಾನವಾಗಿ ಸುಲಿಯಬೇಕು. ತಲೆಗೆ ಒಂದು ಮೊಳೆ ಕೂರಿಸಿ, ಅದರಿಂದಲೇ ಟೇಪನ್ನು ಎಳೆಯುವ ವ್ಯವಸ್ಥೆಯನ್ನೂ ಎರಡು ಸಾಲುಗಳಿಗೆ ಮಾಡಿದ್ದೇನೆ. ಆ ಮೊಳೆಯ ತುದಿಯ ಆಕಾರದಲ್ಲೇ ಎಲ್ಲ ಗುಟ್ಟಿದೆ, ನೋಡಬೇಕೆನ್ನುವವರು ಮನೆಗೇ ಬರಬೇಕು.

ನಡುವೆ ದಾರಿ ತಪ್ಪಿ ಮಾಡಿದ ಪ್ರಯೋಗಗಳೂ ಇವೆ. 138 ಡಿಗ್ರಿಗೇ ಕರಗುವ ಬಿಸ್ಮತ್ ಪೇಸ್ಟನ್ನು ತಂದು, ಓವನ್ ಬಿಟ್ಟು ರೊಟ್ಟಿಯ ಹೆಂಚಿನಂಥ ಬಿಸಿ ತಟ್ಟೆಯ ಮೇಲೆ ಬೋರ್ಡುಗಳನ್ನು ಕರಗಿಸಿ ನೋಡಿದೆ. ನೋಡಲು ಸೊಗಸಾಗಿ ಬಂದವು. ಆದರೆ ಅದರ ಬೆಸುಗೆ ಪೆಡಸು. ಮೋಟರಿನ ಪಕ್ಕದಲ್ಲಿ ನಡುಗುವ ಪೆಟ್ಟಿಗೆಯಲ್ಲಿ ಅದನ್ನು ನಂಬಲಾರೆ ಎಂದು ಎರಡು ಬೋರ್ಡುಗಳನ್ನು ಕಂಪನಕ್ಕೆ ಒಡ್ಡಿ, ಒಂದರಲ್ಲಿ ಬಿರುಕು ಕಂಡ ಮೇಲೆ ಕೈಬಿಟ್ಟೆ. 183 ಡಿಗ್ರಿಗೆ ಕರಗುವ ಹಳೆಯ ಸೀಸದ ಪೇಸ್ಟಿಗೇ ಮರಳಿದ್ದೇನೆ, ಅಡುಗೆಯ ಓಟಿಜಿ ಓವನ್ನನ್ನು ಈ ಕೆಲಸಕ್ಕೆ ಮೀಸಲಿಟ್ಟು 215 ಡಿಗ್ರಿಯವರೆಗೆ ಏರಿಸುತ್ತೇನೆ. ಆ ಓಟಿಜಿ ಮತ್ತೆ ಅಡುಗೆಮನೆಗೆ ಹೋಗಬಾರದು, ಪೇಸ್ಟ್ ಇಡುವ ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥ ಇರಬಾರದು, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಮಕ್ಕಳಿರುವ ಮನೆಯಲ್ಲಿ ಈ ಮೂರೂ ಕಟ್ಟುನಿಟ್ಟಾಗಿ ನಡೆಯಬೇಕು. ಅದೇ ಗಾಳಿಯ ತಲೆಯಿಂದ ಕೆಂಪು ಅಂಟಿನ ಚುಕ್ಕೆ ಇಟ್ಟು ಬೋರ್ಡಿನ ಎರಡನೆಯ ಬದಿಯ ಬಿಡಿಭಾಗಗಳನ್ನು ಹಿಡಿಸುವ ಪ್ರಯೋಗವೂ ಫಲಿಸಿತು, ಅಂಟು ಪೇಸ್ಟಿಗಿಂತ ಎಷ್ಟೋ ವಿಧೇಯ.

ಖರ್ಚಿನ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. ಚೌಕಟ್ಟು, ಹಳಿ, ಮೋಟರುಗಳಿಗೆ 18,000, ಕಂಟ್ರೋಲರ್ ಮತ್ತು ಡ್ರೈವರುಗಳಿಗೆ 7,000, ಎರಡು ಕ್ಯಾಮೆರಾ ಮತ್ತು ದೀಪಕ್ಕೆ 5,000, ನಾಜಲುಗಳಿಗೆ 4,500, ಲೇಥಿನ ಕೆಲಸಕ್ಕೆ 6,000, ಗಾಳಿಯ ಸಾಮಾನಿಗೆ 11,000 ಆಗಿರಬೇಕು. ಇದಕ್ಕೆ ಬಿಚ್ಚಿ ಹಾಕಿದ ಮೊದಲ ತಲೆಯ 9,000 ಮತ್ತು ಹಾಳಾದ ಪೇಸ್ಟಿನ 6,000 ಸೇರಿಸಿದರೆ 65ರಿಂದ 70 ಸಾವಿರದ ನಡುವೆ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ನಾಲ್ಕು ಸಲ ಹೋಗಿಬಂದ ಖರ್ಚನ್ನು ಹಿಡಿದಿಲ್ಲ. ಕೂಲಿಗೆ ಬೋರ್ಡ್ ಜೋಡಿಸಿಕೊಡುವವರು ಇಷ್ಟು ಚಿಕ್ಕ ಸಂಖ್ಯೆಗೆ ಬೋರ್ಡಿಗೆ 120 ರೂಪಾಯಿ ಕೇಳಿದ್ದರು, ಆ ಲೆಕ್ಕದಲ್ಲಿ ಆರು ನೂರು ಬೋರ್ಡಿಗೆ ಯಂತ್ರದ ಬೆಲೆ ಹೊರಡುತ್ತದೆ. ಈಗಾಗಲೇ ನಾಲ್ಕು ನೂರು ದಾಟಿದ್ದೇನೆ. ಮೂರು ಲಕ್ಷದ ಯಂತ್ರ ತರಿಸಿದ ಮಿತ್ರರು ಕಳೆದ ವಾರ ಬಂದು, ಒಂದು ಪ್ಯಾನೆಲ್ ಮುಗಿಯುವವರೆಗೆ ಮಾತಾಡದೆ ನಿಂತು ನೋಡಿದರು. ಅವರ ಯಂತ್ರ ಬಿಡಿಭಾಗಗಳನ್ನು ನನ್ನದಕ್ಕಿಂತ ಮೂರು ಪಟ್ಟು ವೇಗವಾಗಿ ಇಡುತ್ತದೆ, ಪೇಸ್ಟನ್ನು ಮಾತ್ರ ಅವರು ಇಂದಿಗೂ ಕೈಯಿಂದಲೇ ಹಾಕುತ್ತಾರೆ. ಹೋಗುವಾಗ ಗಾಳಿಯ ತಲೆಯೊಂದನ್ನು ತಮಗೂ ಮಾಡಿಕೊಡಲು ಹೇಳಿ ಮುಂಗಡ ಕೊಟ್ಟುಹೋದರು.

ಉಳಿದಿರುವ ತೊಂದರೆಯೆಂದರೆ, ಯಂತ್ರ ಕಾಲು ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಸೂಜಿಯ ತುದಿ ಒಣಗಿ ಮೊದಲ ಎರಡು ಮೂರು ಚುಕ್ಕೆಗಳು ತಪ್ಪುತ್ತವೆ. ಸದ್ಯಕ್ಕೆ ಪ್ಯಾನೆಲ್ಲಿನ ಅಂಚಿನ ಖಾಲಿ ಪಟ್ಟಿಯ ಮೇಲೆ ಐದು ಚುಕ್ಕೆಗಳನ್ನು ಬಿಟ್ಟಿ ಇಡಿಸಿ ಆಮೇಲೆ ಕೆಲಸಕ್ಕೆ ಬಿಡುತ್ತೇನೆ. ತಮ್ಮ ಬೋರ್ಡುಗಳನ್ನು ಇದರ ಮೇಲೆ ಹಾಕಿ ನೋಡಬೇಕೆನ್ನುವ ಸಹೋದ್ಯೋಗಿಗಳು ಅದಕ್ಕಾಗಿ ಅಂಚಿನಲ್ಲಿ 5 ಮಿ.ಮೀ. ಪಟ್ಟಿಯನ್ನು ಬಿಟ್ಟಿರಬೇಕು, ಮೂಲೆಗಳಲ್ಲಿ ಕನಿಷ್ಠ ಎರಡು ಕಡೆ 1 ಮಿ.ಮೀ. ತಾಮ್ರದ ಗುರುತು ಹಾಕಿ ಅದರ ಸುತ್ತ ಹಸಿರು ಲೇಪನ ಬರದಂತೆ ನೋಡಿಕೊಳ್ಳಬೇಕು, ಬಿಡಿಭಾಗಗಳನ್ನು ಬಿಡಿಬಿಡಿಯಾಗಿ ಪೊಟ್ಟಣದಲ್ಲಿ ತರದೆ ಟೇಪಿನಲ್ಲೇ ತರಬೇಕು. ಪೇಸ್ಟ್ ತರುವುದು ಬೇಡ, ನಾನು ತೂಗಿ ಹದ ಮಾಡಿಟ್ಟ ಸಿರಿಂಜನ್ನೇ ಹಾಕುತ್ತೇನೆ.